ಮುನಿಯಮ್ಮನ ಸೋಮವಾರ

ನಮ್ಮೂರಲ್ಲಿ ಸೋಮವಾರ ಎತ್ತುಗಳ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅದು ಬಸವಣ್ಣನ ದಿನ. ಆದರೆ ಬಿಡುವು ಎತ್ತುಗಳಿಗೆ ಮಾತ್ರ, ಮನುಷ್ಯರಿಗಲ್ಲ. ಉಳುಮೆಯಿಲ್ಲದ ಆ ದಿನ ಊರಿನವರೆಲ್ಲ ಸೇರಿ ಯಾರಾದರೊಬ್ಬರ ಕೆಲಸ ಮಾಡಿಕೊಡುತ್ತಿದ್ದರು. ಒಂದು ವಾರ ಒಬ್ಬರ ಬಾವಿಯ ಹೂಳು, ಇನ್ನೊಂದು ವಾರ ಇನ್ನೊಬ್ಬರ ಕೊಟ್ಟಿಗೆಯ ಮಾಡು. ಕೂಲಿಯ ಮಾತೇ ಇಲ್ಲ. ಇವತ್ತು ನೀನು ನನ್ನ ಮನೆಗೆ ದುಡಿದರೆ ಮುಂದೊಂದು ಸೋಮವಾರ ನಾನು ನಿನ್ನ ಮನೆಗೆ ದುಡಿಯಬೇಕು. ಇದಕ್ಕೆ ಮುಯ್ಯಿ ಎನ್ನುತ್ತಿದ್ದರು. ಯಲಹಂಕದಿಂದ ಪಕ್ಕದ ಸಿಂಗಾಪುರ ಹಳ್ಳಿಯ ಕಡೆಗೆ ಹೋಗುವ ಗಾಡಿದಾರಿಯ ಪಕ್ಕದ ನಮ್ಮ ಸಣ್ಣ ಊರಿನಲ್ಲಿ ಗುಡಿಸಲುಗಳು ಒಂದೊಂದಾಗಿ ಹೆಂಚಿನ ಮನೆಗಳಾದದ್ದು ಹೀಗೆ. ಒಮ್ಮೆ ಜೀಪಿನಲ್ಲಿ ಒಬ್ಬ ಸಾಹೇಬರು ಬಂದು ಶ್ರಮದಾನದ ಬಗ್ಗೆ ಭಾಷಣ ಮಾಡಿ, ಮಣ್ಣಿನ ಮಂಕರಿ ಹಿಡಿದು ಫೋಟೋ ತೆಗೆಸಿಕೊಂಡು ಹೋದರು. ಅಂದು ಅಗೆದ ಚರಂಡಿಯಲ್ಲಿ ಮರುವಾರವೇ ಕೋಳಿಗಳು ಮಲಗಿದ್ದವು. ಸೋಮವಾರದ ಕೆಲಸ ಹಾಗಲ್ಲ. ಅದಕ್ಕೆ ಭಾಷಣ ಇರಲಿಲ್ಲ, ಕಟ್ಟಳೆ ಇತ್ತು.

ಕಟ್ಟಳೆ ಇದು: ಕೆಲಸಕ್ಕೆ ಕರೆದ ಮನೆಯವರು ಮಧ್ಯಾಹ್ನದ ಊಟ ಹಾಕಬೇಕು, ಬಂದವರು ಆ ಮನೆಯಲ್ಲೇ ಉಣ್ಣಬೇಕು. ಉಣ್ಣದೆ ಎದ್ದು ಹೋದರೆ ಅದು ಮುಯ್ಯಿ ಅಲ್ಲ, ದಾನ. ಮನೆಗೆ ಮಾಡು ಹಾಕುವುದಾದರೆ ಊಟಕ್ಕೆ ಮುಂಚೆ ತೊಲೆ ಮತ್ತು ಬಿದಿರಿನ ಗಳ, ಊಟವಾದ ಮೇಲೆ ಹೆಂಚು. ಆ ಮನೆಯಲ್ಲಿ ಉಂಡವರೇ ಆ ಮನೆಯ ನೆತ್ತಿ ಮುಚ್ಚಬೇಕು. ಈ ಕಟ್ಟಳೆಗಳಿಗೆಲ್ಲ ನಮ್ಮ ಅಜ್ಜಿಯೇ ಕಾವಲು. ಸೋಮವಾರ ಸಂಜೆ ಎಲ್ಲರೂ ನಮ್ಮ ಜಗಲಿಗೆ ಬಂದು ಮುಂದಿನ ವಾರ ಯಾರ ಮನೆ ಎಂದು ತೀರ್ಮಾನಿಸುತ್ತಿದ್ದರು. ಯಾರು ಯಾರಿಗೆ ದುಡಿದಿದ್ದಾರೆ, ಯಾರು ಇನ್ನೂ ತೀರಿಸಬೇಕು ಎಂಬುದೆಲ್ಲ ಅವಳ ಬಾಯಲ್ಲೇ ಇರುತ್ತಿತ್ತು. ಯಾರಾದರೂ ಜಾರಿಕೊಳ್ಳಲು ನೋಡಿದರೆ ಕಂಬಕ್ಕೆ ಒರಗಿದ್ದ ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಒಂದು ಸಲ ನೋಡುತ್ತಿದ್ದಳು. ಅಷ್ಟು ಸಾಕಾಗಿತ್ತು.

ಮನೆಯೊಳಗೂ ಅವಳದೇ ಆಳ್ವಿಕೆ. ನಮ್ಮದು ಮಣ್ಣಿನ ಗೋಡೆಯ ಉದ್ದನೆಯ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ನಡುಮನೆಯ ಒಂದು ಬದಿಗೆ ದನ, ಇನ್ನೊಂದು ಬದಿಗೆ ನಾವು. ಕೊನೆಯಲ್ಲಿ ಅಡುಗೆಮನೆ. ಅಲ್ಲಿ ಹೊಗೆ ಹಿಡಿದು ಕಪ್ಪಾದ ಒಲೆ, ಅದರ ಪಕ್ಕ ಅಜ್ಜಿಯ ಮಣೆ. ಬೆಳಿಗ್ಗೆ ಕಸ ಗುಡಿಸದೆ ಒಲೆ ಹಚ್ಚುವಂತಿಲ್ಲ, ದನಕ್ಕೆ ಹುಲ್ಲು ಹಾಕದೆ ಬಾಯಿಗೆ ನೀರು ಹಾಕುವಂತಿಲ್ಲ, ತಲೆ ಬಾಚದೆ ಜಗಲಿಗೆ ಬರುವಂತಿಲ್ಲ. ನಾನು ಮುಂದೆ ಶಾಲೆಯಲ್ಲಿ ಟೀಚರಾಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗಂಟೆ ಹೊಡೆಸಿದವಳು. ಆ ಗಂಟೆಯ ಮೊದಲ ಸದ್ದು ಕೇಳಿದ್ದು ಅಜ್ಜಿಯ ಗಂಟಲಿನಲ್ಲಿ. ಅಮ್ಮ ಆ ಮನೆಗೆ ಹೆಬ್ಬಾಳದ ಕಡೆಯಿಂದ ಸೊಸೆಯಾಗಿ ಬಂದವಳು. ಅತ್ತೆಯ ಮಾತಿಗೆ ಎದುರಾಡಿದ್ದನ್ನು ನಾನು ಮುನಿಯಮ್ಮನ ಆ ಸೋಮವಾರದವರೆಗೆ ಕಂಡಿರಲಿಲ್ಲ. ಅವಳದು ಎಂದು ಇದ್ದದ್ದು ಒಂದೇ ಒಂದು ವ್ರತ. ಪ್ರತಿ ಸೋಮವಾರ ಅವಳು ಒಪ್ಪತ್ತು ಇರುತ್ತಿದ್ದಳು. ದಿನಕ್ಕೆ ಒಂದೇ ಹೊತ್ತಿನ ಊಟ, ಅದೂ ಎಲ್ಲರದೂ ಮುಗಿದು ಪಾತ್ರೆ ತೊಳೆದ ಮೇಲೆ. ನಮ್ಮ ಮನೆಯಲ್ಲಿ ಮುಯ್ಯಿ ಇದ್ದ ದಿನವೂ ಹೊಟ್ಟೆಗೆ ಏನೂ ಇಲ್ಲದೆ ಊರಿಗೆಲ್ಲ ಮುದ್ದೆ ಕಟ್ಟಿ ಬಡಿಸುತ್ತಿದ್ದಳು. ಊರಿನಲ್ಲಿ ಆ ವ್ರತ ಹಿಡಿದವಳು ಅವಳೊಬ್ಬಳೇ.

ಮುನಿಯಮ್ಮ ಊರಾಚೆಯ ಕೇರಿಯವಳು. ಗಂಡ ತೀರಿಕೊಂಡಿದ್ದ. ಎರಡು ಮಕ್ಕಳನ್ನು ಕಟ್ಟಿಕೊಂಡು ತೆಂಗಿನ ಗರಿಯ ಗುಡಿಸಲಿನಲ್ಲಿದ್ದಳು. ನಮ್ಮ ಹೊಲದ ಕಳೆ, ಕಣದ ಕೆಲಸ, ತಿಪ್ಪೆಯ ಗೊಬ್ಬರ ಎಲ್ಲಕ್ಕೂ ಅವಳೇ ಬರುತ್ತಿದ್ದಳು. ಕೂಲಿ ರಾಗಿಯ ರೂಪದಲ್ಲಿ. ಪ್ರತಿ ಮಳೆಗಾಲ ಗರಿ ಸೋರಿ ಆ ರಾಗಿ ಮುಗ್ಗು ಹಿಡಿಯುತ್ತಿತ್ತು. ಆಗ ಅವಳು ಯಾರದಾದರೂ ಬಾಗಿಲಿಗೆ ಹೋಗಿ ಕಾಳು ಈಸಿಕೊಳ್ಳಬೇಕು. ಕೊಟ್ಟವರು ಮುಂದಿನ ಸುಗ್ಗಿಯಲ್ಲಿ ಅವರು ಹೇಳಿದ ಕೂಲಿಗೆ, ಅವರು ಕರೆದ ದಿನ ದುಡಿಸಿಕೊಳ್ಳುತ್ತಿದ್ದರು. ಕೊಟ್ಟವರಲ್ಲಿ ನಮ್ಮ ಮನೆಯೂ ಒಂದು. ಒಣಗಿದ ಅಟ್ಟ ಒಂದಿದ್ದರೆ ಅವಳು ಯಾರ ಬಾಗಿಲಿಗೂ ಹೋಗಬೇಕಾಗಿರಲಿಲ್ಲ. ಸೋಮವಾರಗಳಲ್ಲೂ ಅವಳು ಇರುತ್ತಿದ್ದಳು. ಯಾರ ಮನೆಯ ಗೋಡೆ ಎದ್ದರೂ ಮಣ್ಣು ಹೊತ್ತ ತಲೆಗಳಲ್ಲಿ ಅವಳದೂ ಒಂದು. ಊಟದ ಹೊತ್ತಿಗೆ ಮಾತ್ರ ತನ್ನ ಮಡಕೆ ಹಿಡಿದು ತಿಪ್ಪೆಯ ಪಕ್ಕ ನಿಲ್ಲುತ್ತಿದ್ದಳು. ಅಮ್ಮ ಮೇಲಿನಿಂದ ಹಾಕುತ್ತಿದ್ದಳು. ನಮ್ಮವರು ಆ ಕೇರಿಯಲ್ಲಿ ನೀರೂ ಮುಟ್ಟುತ್ತಿರಲಿಲ್ಲ. ಅವಳ ದುಡಿತವನ್ನು ಯಾರೂ ಮುಯ್ಯಿ ಎಂದು ಎಣಿಸಿರಲಿಲ್ಲ, ಏಕೆಂದರೆ ತೀರಿಸಬೇಕಾದೀತು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಆ ಬೇಸಿಗೆಯಲ್ಲಿ ಅವಳು ಮಕ್ಕಳ ಜೊತೆ ಸೇರಿ ತಾನೇ ಮಣ್ಣು ತುಳಿದು, ಒಂದು ವರಸೆ ಒಣಗಿದ ಮೇಲೆ ಇನ್ನೊಂದು ವರಸೆ ಇಟ್ಟು, ನಾಲ್ಕು ಗೋಡೆ ಎಬ್ಬಿಸಿದಳು. ಊರು ನೋಡಿಯೂ ನೋಡದಂತಿತ್ತು. ಒಂದು ಸೋಮವಾರ ಸಂಜೆ ನಮ್ಮ ಜಗಲಿಯಲ್ಲಿ ಮಾತು ನಡೆದಿದ್ದಾಗ ಅವಳು ಅಂಗಳಕ್ಕೆ ಬಂದು ನಿಂತಳು. ನನ್ನ ಅಪ್ಪ ಊರಿನ ಕೆಲಸಕ್ಕೆ ಮುಂದಾಳು, ಅವನ ಕಡೆ ನೋಡಿ ಹೇಳಿದಳು.

“ಬರೋ ಸೋಮವಾರ ನಂದು ಗೌಡ್ರೇ.”

“ನಿಂದಾ? ನಿಂದೇನ್ ಕೆಲ್ಸ?” ಅಂದ ಅಪ್ಪ.

“ಗೋಡೆ ಎದ್ದೈತೆ. ಸರ್ವೆ ತೊಲೆ ತಂದು ಆಕಿದೀನಿ. ಮಾಡು ಮಾಡ್ಕೊಡಿ.”

ತಿಮ್ಮಣ್ಣ ನಕ್ಕ. ಅವನು ನಮ್ಮ ಪಕ್ಕದ ಮನೆಯವನು, ಮಾಡಿನ ಕೆಲಸದಲ್ಲಿ ಕೈ ಪಳಗಿದವನು, ಊಟದಲ್ಲಿ ಇನ್ನೂ ಹೆಚ್ಚು ಪಳಗಿದವನು.

“ಏನಮ್ಮಿ, ಅರಮನೆ ಕಟ್ತಾ ಇದೀಯ?”

“ನಿಮ್ಮ ಕೊಟ್ಟಿಗೆಗೆ ಮಣ್ಣು ಒತ್ತೋಳು ನಾನೇ ಅಲ್ವಾ ತಿಮ್ಮಣ್ಣಾವ್ರೇ. ನಿಮ್ಮೆತ್ತು ಅರಮನೇಲಿ ಮಲಗ್ತಾವೆ, ನನ್ನ ಮಕ್ಳು ಮಲಗ್ಬಾರ್ದಾ?” ಎಂದ ಮುನಿಯಮ್ಮ ಅಪ್ಪನ ಕಡೆ ತಿರುಗಿದಳು. “ಎಲ್ರ ಮನೇಗೂ ಮಾಡಿದೀನಿ. ನನ್ನ ಮುಯ್ಯಿ ವಾಪಸ್ ಕೊಡಿ. ಊಟ ಆಕ್ತೀನಿ.”

ಕೊನೆಯ ಮಾತಿಗೆ ತಿಮ್ಮಣ್ಣನ ನಗು ನಿಂತಿತು. ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ಬಹಳ ಹೊತ್ತು ಎಲೆಯಡಿಕೆ ಅಗಿದಳು. ಆಮೇಲೆ ಅಂಗಳದ ಮೂಲೆಗೆ ಉಗಿದು ಬಂದು ಕೂತಳು.

“ಅವಳ್ದು ಬಾಕಿ ಐತೆ. ಇಲ್ಲ ಅನ್ನಾಕಾಗಲ್ಲ. ಓಗಿ ಮಾಡ್ಕೊಡಿ.”

ಊಟದ ಬಗ್ಗೆ ಅಜ್ಜಿ ಅಂದು ಏನೂ ಹೇಳಲಿಲ್ಲ. ಹೇಳಿದ್ದು ಭಾನುವಾರ ಸಂಜೆ. ದೀಪ ಹಚ್ಚಿ ಆಗಿತ್ತು. ಅಪ್ಪ ನಡುಮನೆಯಲ್ಲಿ ಹಗ್ಗ ಹೊಸೆಯುತ್ತಿದ್ದ. ಸೋಮವಾರ ಯಾರ ಮನೆಯದೇ ಆಗಿರಲಿ, ಹಿಂದಿನ ದಿನ ಊಟಕ್ಕೆ ಮುತ್ತುಗದ ಎಲೆ ಹಚ್ಚಿ ಕೊಡುವುದು ನನ್ನ ಕೆಲಸ. ಅಂದು ಯಾರೂ ನನಗೆ ಹೇಳಿರಲಿಲ್ಲ. ಅಮ್ಮ ಅಟ್ಟದಿಂದ ಒಣಗಿದ ಎಲೆಯ ಕಂತೆ ಇಳಿಸಿ, ನೀರು ಚಿಮುಕಿಸಿ, ಕಡ್ಡಿಗಳ ಜೊತೆ ನನ್ನ ಮುಂದಿಟ್ಟಳು. ಅಜ್ಜಿ ಅದನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು.

“ಏನ್ ಮಾಡ್ಬೇಕು ಅಂತಿದೀಯ?”

“ನೀನೇ ಓಗು ಅಂದ್ಯಲ್ಲವ್ವ.”

“ಕೆಲ್ಸಕ್ಕೆ ಓಗು ಅಂದೆ. ಉಣ್ಣು ಅಂದ್ನಾ?”

“ಉಣ್ದೆ ಬಂದ್ರೆ ಮುಯ್ಯಿ ಎಂಗಾಯ್ತದೆ? ನೀನೇ ಏಳ್ಕೊಟ್ಟಿದ್ದು.”

ಅಜ್ಜಿಗೆ ಉತ್ತರ ತಡವಾಯಿತು. ಅದೇ ನನಗೆ ಭಯ ಹುಟ್ಟಿಸಿತು. ತಡವಾಗಿ ಬಂದ ಅವಳ ಮಾತುಗಳು ಯಾವಾಗಲೂ ಗಟ್ಟಿ.

“ನೋಡು, ಅದು ಎಂಗಾದ್ರೂ ಆಗ್ಲಿ. ಅಲ್ಲಿ ಉಂಡೋರು ನನ್ನ ಒಲೆ ಮುಟ್ಟಂಗಿಲ್ಲ. ನೀನಾದ್ರೂ ಅಷ್ಟೆ, ಊರೋರಾದ್ರೂ ಅಷ್ಟೆ. ನಮ್ಮತ್ತೆ ಕಾಲ್ದಿಂದ ಉರೀತಾ ಇರೋ ಒಲೆ ಇದು.”

ಅಪ್ಪ ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಆದರೆ ಎಳೆ ತಪ್ಪುತ್ತಿತ್ತು, ಬಿಚ್ಚಿ ಮತ್ತೆ ಹೊಸೆಯುತ್ತಿದ್ದ. ಅಮ್ಮ ನನ್ನ ಪಕ್ಕ ಕೂತು ಎಲೆ ಹಚ್ಚತೊಡಗಿದಳು. ಅವಳ ಕೈಯ ಎಲೆಗಳು ಗುಂಡಗೆ, ಅಂಚು ಮೀರದೆ ಬರುತ್ತಿದ್ದವು. ಅಂದೂ ಹಾಗೇ ಬಂದವು.

ಬೆಳಿಗ್ಗೆ ಊರಿನವರು ಹೋದರು. ನಾನೂ ಎಲೆಯ ಕಂತೆ ಹೊತ್ತು ಹೋದೆ. ಆ ಕೇರಿಗೆ ನಾನು ಅಲ್ಲಿಯವರೆಗೆ ಕಾಲಿಟ್ಟಿರಲಿಲ್ಲ. ಮುನಿಯಮ್ಮ ಅಂಗಳ ಸಾರಿಸಿ, ರಂಗೋಲಿ ಎಳೆದು, ಬಾಗಿಲಿಗೆ ಹೊಂಗೆಯ ಸೊಪ್ಪು ಕಟ್ಟಿದ್ದಳು. ಹೆಂಚುಗಳು ಊರಿನ ಮನೆಗಳಲ್ಲಿ ಮಿಕ್ಕಿದ್ದ ಹಳೆಯವು. ಕಪ್ಪು, ಕೆಂಪು, ಪಾಚಿ ಹತ್ತಿದವು ಎಲ್ಲ ಗೋಡೆಗೆ ಒರಗಿ ನಿಂತಿದ್ದವು. ಗೋಡೆಯ ಆಚೆ ಕಲ್ಲು ಹೂಡಿದ ಒಲೆಯ ಮೇಲೆ ಹುರುಳಿಕಾಳಿನ ಸಾರು ಕುದಿಯುತ್ತಿತ್ತು. ಬೆಳ್ಳುಳ್ಳಿಯ ವಾಸನೆ ಇಡೀ ಅಂಗಳಕ್ಕೆ ಹಬ್ಬಿತ್ತು. ಗಂಡಸರು ಚುರುಕಾಗಿ ಕೆಲಸ ಮಾಡಿದರು. ಅಪ್ಪ ಮತ್ತು ತಿಮ್ಮಣ್ಣ ಗೋಡೆಯ ಮೇಲೆ ನಿಂತು ತೊಲೆ ಕೂರಿಸಿದರು, ಕೆಳಗಿನವರು ಗಳ ಕೊಟ್ಟರು, ಅಡ್ಡಕ್ಕೆ ಸೀಳಿದ ಬಿದಿರಿನ ದಬ್ಬೆ ಕಟ್ಟಿದರು. ಎಂದಿನ ತಮಾಷೆಯೂ ಇತ್ತು. ಆದರೆ ಬಿಸಿಲು ನೆತ್ತಿಗೆ ಏರುತ್ತಿದ್ದಂತೆ ತಮಾಷೆ ಕಡಿಮೆಯಾಯಿತು. ಒಬ್ಬೊಬ್ಬರೇ ಒಲೆಯ ಕಡೆ ನೋಡುವುದು, ಆಮೇಲೆ ಒಬ್ಬರ ಮುಖ ಒಬ್ಬರು ನೋಡುವುದು.

ಮುನಿಯಮ್ಮ ನನ್ನ ಎಲೆಗಳನ್ನು ಸಾಲಾಗಿ ಹಾಕಿಸಿ, ಎಲ್ಲರ ಕೈಗೆ ನೀರು ಹಾಕಲು ಚೊಂಬು ಹಿಡಿದು ನಿಂತಳು.

“ಏಳ್ರಪ್ಪಾ, ಕೈ ತೊಳ್ಕಳಿ.”

ತಿಮ್ಮಣ್ಣ ಗೋಡೆಯಿಂದ ಇಳಿದು, ಚೊಂಬಿನ ಕಡೆ ನೋಡಿ, ಆಕಾಶದ ಕಡೆ ನೋಡಿದ.

“ನಂದು ಸೋಮವಾರ ಒಪ್ಪತ್ತು ಕಣಮ್ಮಿ. ಮಧ್ಯಾಹ್ನ ಉಣ್ಣಂಗಿಲ್ಲ.”

ಅವನ ಹಿಂದೆ ಇನ್ನೊಬ್ಬ. “ನಂದೂ ಒಪ್ಪತ್ತು.” ಮತ್ತೊಬ್ಬ. ಹೀಗೆ ಸಾಲಿಗೆ ಸಾಲೇ ಶಿವಭಕ್ತರಾದರು. ನನಗೆ ತಡೆಯಲಾಗಲಿಲ್ಲ.

“ತಿಮ್ಮಣ್ಣಮಾವ, ಓದ್ ಸೋಮವಾರ ಎರಡು ಮುದ್ದೆ ಉಂಡು ಇನ್ನೊಂದ್ ಆಕು ಅಂದ್ಯಲ್ಲ?”

ಅಪ್ಪ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದ. ಮುನಿಯಮ್ಮ ಚೊಂಬನ್ನು ಕೆಳಗಿಡದೆ ಎಲ್ಲರನ್ನೂ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಅವಳು ಮಾತಾಡಿದ್ದು ಹಾಲು ಕರೆಯುವಾಗ ಹಸುವಿಗೆ ಮಾತಾಡುವಷ್ಟು ಮೆಲ್ಲಗೆ.

“ಒಳ್ಳೇದಾಯ್ತು. ಒಪ್ಪತ್ತು ಅಂದ್ರೆ ಒಂದೊತ್ತು ಉಣ್ಬೇಕಲ್ಲ. ಆ ಒಂದೊತ್ತು ಸಂಜೆ ಇಲ್ಲೇ ಉಣ್ರಿ. ನಾನು ಕಾಯ್ತೀನಿ. ಎಸರು ಆರಕ್ಕೆ ಬಿಡಲ್ಲ.”

“ಸಂಜೆಗಂಟ ಸುಮ್ನೆ ಕೂರಾಕಾಯ್ತದಾ? ಎಂಚಾದ್ರೂ ಒದ್ಸಾನ,” ಅಂದ ತಿಮ್ಮಣ್ಣ.

“ಎಂಚು ಊಟ ಆದ್ಮೇಲೆ. ಅದು ನಿಮ್ಮೂರ್ ಪದ್ಧತಿ, ನಂದಲ್ಲ.”

“ಲೇ ಮುನಿಯಮ್ಮ, ಮೋಡ ನೋಡು,” ಅಂದ ಅಪ್ಪ.

ಎಲ್ಲರೂ ನೋಡಿದೆವು. ಬಾಗಲೂರಿನ ದಿಕ್ಕಿನಲ್ಲಿ ಮೋಡ ಕಪ್ಪಗೆ ಎದ್ದಿತ್ತು. ಮುಂಗಾರಿಗೆ ಮುಂಚಿನ ಮಳೆ ಅಂದರೆ ಗಾಳಿ, ಆಲಿಕಲ್ಲು, ಒಮ್ಮೆಗೇ ಸುರಿಯುವ ನೀರು. ಹೊಸ ಮಣ್ಣಿನ ಗೋಡೆಯ ತಲೆ ಬಯಲಾಗಿತ್ತು. ಒಂದು ಜೋರು ಮಳೆ ಬಿದ್ದರೆ ಬೇಸಿಗೆಯ ದುಡಿತವೆಲ್ಲ ಕೆಸರಾಗಿ ಅಂಗಳಕ್ಕೆ ಇಳಿಯುತ್ತಿತ್ತು. ಮತ್ತೆ ಗರಿಯ ಗುಡಿಸಲು, ಮತ್ತೆ ಮುಗ್ಗಿದ ರಾಗಿ, ಮತ್ತೆ ಊರಿನ ಬಾಗಿಲುಗಳು.

“ನಾನೂ ನೋಡ್ದೆ ಗೌಡ್ರೇ. ಗೋಡೆ ಕರಗಿದ್ರೆ ಇನ್ನೊಂದ್ಸಲ ಕಟ್ತೀನಿ. ನೀವು ಉಣ್ದೆ ಎಂಚು ಒದ್ಸಿದ್ರೆ ಮುಂದೆ ಈ ಕೇರಿಯೋರು ಯಾರೂ ನಿಮ್ಮ ಜಗಲಿಗ್ ಬಂದು ನಮ್ ಮುಯ್ಯಿ ಅನ್ನಂಗಿಲ್ಲ. ಧರ್ಮಕ್ಕೆ ಕೊಡಿ ಅನ್ಬೇಕಾಯ್ತದೆ. ಅದು ಬ್ಯಾಡ.”

“ಏನ್ ಮೊಂಡು ಇವಳ್ದು,” ಎಂದು ಯಾರೋ ಗೊಣಗಿದರು. ಆದರೆ ಎದ್ದು ಹೋಗುವ ಧೈರ್ಯವೂ ಯಾರಿಗೂ ಇರಲಿಲ್ಲ, ಕೂರುವ ಧೈರ್ಯವೂ ಇರಲಿಲ್ಲ. ಹೊಂಗೆಯ ನೆರಳಿನಲ್ಲಿ ಗುಂಪಾಗಿ ಕೂತರು. ಎಲೆಗಳು ಖಾಲಿ ಬಿದ್ದಿದ್ದವು. ಗಾಳಿ ಬೀಸಿ ಒಂದೆರಡು ಎದ್ದು ಹಾರಿದವು, ಮುನಿಯಮ್ಮನ ಮಕ್ಕಳು ಓಡಿ ಹಿಡಿದು ತಂದು ಅದೇ ಜಾಗಕ್ಕೆ ಹಾಕಿ ಮೇಲೆ ಕಲ್ಲು ಇಟ್ಟವು. ಅಪ್ಪ ನನ್ನನ್ನು ಕರೆದು, ಮನೆಗೆ ಓಡಿ ಈಚಲು ಚಾಪೆಗಳನ್ನೆಲ್ಲ ತಾ, ಗೋಡೆಯ ಮೇಲಾದರೂ ಹೊದಿಸೋಣ ಅಂದ.

ನಾನು ಓಡಿದೆ. ಅಜ್ಜಿ ಜಗಲಿಯಲ್ಲಿ ಅವರೆಕಾಳು ಆರಿಸುತ್ತಿದ್ದಳು. ಅಮ್ಮ ಒಳಗೆ ಪಾತ್ರೆ ತೊಳೆದು, ತನ್ನ ಊಟದ ತಟ್ಟೆಯ ಮುಂದೆ ಆಗಷ್ಟೇ ಕೂರುವುದರಲ್ಲಿದ್ದಳು. ಬೆಳಿಗ್ಗೆಯಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನಾನು ಏದುಸಿರು ಬಿಡುತ್ತ ಹೇಳಿದೆ.

“ಅಮ್ಮ, ಚಾಪೆ ಕೊಡ್ಬೇಕಂತೆ. ಮಳೆ ಬತ್ತಾ ಐತೆ. ಯಾರೂ ಉಣ್ತಾ ಇಲ್ಲ. ಎಲ್ರೂ ಸೋಮವಾರ ಒಪ್ಪತ್ತಂತೆ.”

“ಯಾರು?”

“ಎಲ್ರೂ. ತಿಮ್ಮಣ್ಣಮಾವಾನೂ.”

ಅಮ್ಮ ನನ್ನನ್ನೇ ನೋಡಿದಳು. ವರ್ಷಗಟ್ಟಲೆ ಅವಳು ತಾನು ಉಪವಾಸವಿದ್ದು ಬಡಿಸಿದ ಬಾಯಿಗಳು ಅವು. ಎಷ್ಟು ಮುದ್ದೆ, ಯಾರಿಗೆ ಖಾರ ಹೆಚ್ಚು, ಯಾರಿಗೆ ಮಜ್ಜಿಗೆ ಬೇಕು ಎಲ್ಲ ಅವಳಿಗೆ ಗೊತ್ತಿತ್ತು. ಅವಳ ಮುಖ ಬಿಗಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಚಾಪೆಗಳನ್ನು ಸುರುಳಿ ಸುತ್ತಿ ಅರ್ಧ ನನ್ನ ತಲೆಯ ಮೇಲಿಟ್ಟು, ಅರ್ಧ ತಾನು ಹೊತ್ತು ಜಗಲಿಗೆ ಬಂದಳು. ಅಜ್ಜಿ ಮೊರದಿಂದ ತಲೆ ಎತ್ತಲಿಲ್ಲ.

“ಎಲ್ಲಿಗೆ?”

“ಊಟಕ್ಕೆ ಓಗ್ಬತ್ತೀನಿ ಅತ್ತೆ.”

ಅಜ್ಜಿಯ ಕೈ ಮೊರದಲ್ಲಿ ನಿಂತಿತು. ಅಮ್ಮ ಮೆಟ್ಟಿಲು ಇಳಿದಾಗಿತ್ತು.

“ಒಲೆ ನೆನಪೈತೇನೇ?”

“ಐತೆ ಅತ್ತೆ.”

ದಾರಿಯುದ್ದಕ್ಕೂ ಅಮ್ಮ, ನಾನು ಹಿಂದೆ ಓಡಬೇಕಾಗುವಷ್ಟು ಜೋರಾಗಿ ನಡೆದಳು. ನಾವು ತಲುಪಿದಾಗ ಬಿಸಿಲು ಹೋಗಿ ಅಂಗಳಕ್ಕೆ ಹಳದಿ ಬೆಳಕು ಬಂದಿತ್ತು, ಗಾಳಿ ನಿಂತಿತ್ತು. ಹೊಂಗೆಯ ಕೆಳಗಿದ್ದವರೆಲ್ಲ ಅಮ್ಮನನ್ನು ಕಂಡು ಎದ್ದರು. ಅಪ್ಪ ಚಾಪೆಗಾಗಿ ಕೈ ಚಾಚಿದ. ಅವಳು ಚಾಪೆಗಳನ್ನು ಕೆಳಗೆ ಹಾಕಿ, ಅಪ್ಪನನ್ನು ದಾಟಿಕೊಂಡು ಹೋಗಿ, ಕಲ್ಲಿಟ್ಟಿದ್ದ ಮೊದಲ ಎಲೆಯ ಮುಂದೆ ಕೂತಳು.

“ನಂದು ಇವತ್ತು ಒಪ್ಪತ್ತು ಮುನಿಯಮ್ಮ. ಇನ್ನೂ ಉಂಡಿಲ್ಲ. ಇಲ್ಲೇ ಆಕು.”

ಮುನಿಯಮ್ಮ ಕದಲಲಿಲ್ಲ.

“ಅಮ್ಮಾವ್ರೇ, ಇದು ಕೆಲ್ಸ ಮಾಡ್ದೋರ ಊಟ. ನೀವು ಕೆಲ್ಸ ಮಾಡಿಲ್ವಲ್ಲ.”

ಈ ಮಾತು ಕೇಳಿ ಗಂಡಸರು ಬೆಚ್ಚಿದರು. ಅಮ್ಮನಿಗೆ ಮಾತ್ರ ಅದು ಸರಿಯಾದ ಮಾತು ಅನ್ನಿಸಿತೆಂದು ಕಾಣುತ್ತದೆ, ತಲೆ ಅಲ್ಲಾಡಿಸಿದಳು.

“ಉಂಡ್ಮೇಲೆ ಎಂಚು ಎತ್ಕೊಡ್ತೀನಿ. ಮೊದ್ಲು ಆಕು, ಮಳೆ ಬತ್ತದೆ.”

ಆಗ ಮುನಿಯಮ್ಮ ನೀರು ಕೊಟ್ಟಳು. ಅಮ್ಮ ಕೈ ತೊಳೆದಳು. ಬಿಸಿ ಮುದ್ದೆ ಎಲೆಗೆ ಬಿತ್ತು, ಅದರ ಪಕ್ಕ ಸಾರು ಹರಿಯಿತು. ಅಮ್ಮ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದಳು. ಎರಡನೆಯ ತುತ್ತು ನುಂಗಿ ತಲೆ ಎತ್ತದೆ ಹೇಳಿದಳು.

“ತಿಮ್ಮಣ್ಣ, ಉಪ್ಪು ಖಾರ ಸರಿಯಾಗೈತೆ. ನಿನ್ ಒಪ್ಪತ್ತಿಗೆ ಏನೂ ಮೋಸ ಇಲ್ಲ.”

ತಿಮ್ಮಣ್ಣ ಕತ್ತು ತುರಿಸಿಕೊಂಡ. ಟವೆಲ್ ಒದರಿ ಹೆಗಲಿಗೆ ಹಾಕಿದ. ನಿಜವಾಗಿ ವ್ರತ ಹಿಡಿದವಳೇ ಉಣ್ಣುತ್ತಿದ್ದಾಗ ಅವನ ವ್ರತಕ್ಕೆ ನಿಲ್ಲಲು ಜಾಗ ಉಳಿದಿರಲಿಲ್ಲ.

“ಆಗ್ಲಿ ಬಿಡಕ್ಕ. ಆ ಒಂದೊತ್ತು ಇದೇ ಆಗ್ಲಿ,” ಎಂದು ಅವಳಿಂದ ಒಂದು ಎಲೆ ಬಿಟ್ಟು ಕೂತ. ಅವನ ಹಿಂದೆ ಇನ್ನೂ ಕೆಲವರು. ಕೆಲವರು ಕತ್ತಿ, ಗುದ್ದಲಿ ಎತ್ತಿಕೊಂಡು ಊರ ಕಡೆ ನಡೆದರು. ನಾನು ಅಪ್ಪನನ್ನೇ ನೋಡುತ್ತಿದ್ದೆ. ಅವನು ಖಾಲಿ ಎಲೆಯ ಮುಂದೆ ನಿಂತಿದ್ದ, ಕೂರುತ್ತಾನೆ ಎಂದುಕೊಂಡೆ. ಅವನು ಊರಿನ ಕಡೆ, ನಮ್ಮ ಮನೆಯ ಮಾಡಿನ ಕಡೆ ನೋಡಿದ.

“ಎತ್ತಿಗೆ ನೀರು ಕುಡಿಸ್ಬೇಕು,” ಅಂದ. ಯಾರಿಗೆ ಹೇಳಿದನೋ ತಿಳಿಯದು. ಹೊರಟು ಹೋದ.

ಅಮ್ಮ ಅವನ ಬೆನ್ನನ್ನು ನೋಡಲಿಲ್ಲ. ಎಲೆಯಲ್ಲಿ ಏನೂ ಬಿಡದೆ ಉಂಡು, ಎಲೆ ಮಡಿಸಿ, ಎದ್ದು ಹೋಗಿ ಹೆಂಚಿನ ರಾಶಿಯ ಪಕ್ಕ ನಿಂತಳು. ಉಂಡವರಷ್ಟೇ ಕೆಲಸಕ್ಕೆ ನಿಂತಿದ್ದರಿಂದ ಕೈ ಸಾಲದಾಯಿತು. ಅಮ್ಮ ಮುನಿಯಮ್ಮನಿಗೆ, ಮುನಿಯಮ್ಮ ಏಣಿಯ ಮೇಲಿದ್ದವನಿಗೆ, ಅವನು ತಿಮ್ಮಣ್ಣನಿಗೆ, ಹೀಗೆ ಹೆಂಚು ಕೈಯಿಂದ ಕೈಗೆ ಏರಿತು. ನಾನೂ ಒಂದಿಷ್ಟು ಎತ್ತಿಕೊಟ್ಟೆ. ಊಟದ ಸಾಲಿನಲ್ಲಿ ನನಗೂ ಒಂದು ಸಣ್ಣ ಮುದ್ದೆ ಸಿಕ್ಕಿತ್ತು. ಗುಡುಗು ಹತ್ತಿರವಾಗುತ್ತಿತ್ತು. ತಿಮ್ಮಣ್ಣ ಮೇಲಿನಿಂದ ಕೂಗುತ್ತಲೇ ಇದ್ದ. “ಕೊಡಿ, ಕೊಡಿ, ನೋಡ್ತಾ ನಿಂತ್ಕಂಡ್ರೆ ಮೋಡ ಕಾಯ್ತದಾ?” ಮೂರು ಪಾಲು ಮಾಡು ಮುಚ್ಚುವಷ್ಟರಲ್ಲಿ ಮಳೆ ಬಿತ್ತು. ಉಳಿದ ಮೂಲೆಗೆ ಚಾಪೆ ಎಳೆದು, ಮೇಲೆ ಕಲ್ಲಿಟ್ಟು, ಎಲ್ಲರೂ ಒಳಗೆ ನುಗ್ಗಿದೆವು. ಊರಿನ ಗಂಡಸರು, ಆ ಕೇರಿಯ ಮಕ್ಕಳು, ಅಮ್ಮ, ನಾನು, ಎಲ್ಲರೂ ಆ ಹಸಿ ಮಣ್ಣಿನ ವಾಸನೆಯ ಕೋಣೆಯಲ್ಲಿ ಒತ್ತಾಗಿ ನಿಂತು ತಲೆಯ ಮೇಲಿನ ಸದ್ದು ಕೇಳಿದೆವು. ಚಾಪೆಯಿದ್ದ ಮೂಲೆಯಲ್ಲಿ ಗೋಡೆಯ ತಲೆ ಒಂದಿಷ್ಟು ಕುಸಿಯಿತು. ಮುನಿಯಮ್ಮ ಆಮೇಲೆ ಅದನ್ನು ಸರಿ ಮಾಡಿದಳು. ಆದರೂ ಆ ಮನೆ ಇದ್ದಷ್ಟು ಕಾಲ ಆ ಮೂಲೆ ಸ್ವಲ್ಪ ವಾಲಿಕೊಂಡೇ ಇತ್ತು.

ಅಜ್ಜಿ ಆಡಿದಂತೆ ನಡೆದಳು. ಅಂದು ಸಂಜೆಯಿಂದ ಅಮ್ಮ ಅಡುಗೆಮನೆಗೆ ಕಾಲಿಡಲಿಲ್ಲ. ಹಿತ್ತಲಿನ ಚಪ್ಪರದ ಕೆಳಗೆ ಕಲ್ಲು ಹೂಡಿಕೊಂಡು ತನಗೂ ನನಗೂ ಬೇಯಿಸಿದಳು. ಒಳಗಿನ ಒಲೆಯಲ್ಲಿ ಅಜ್ಜಿ ತನಗೂ ಅಪ್ಪನಿಗೂ ಬೇಯಿಸಿದಳು. ಒಂದೇ ಮನೆಯಲ್ಲಿ ಎರಡು ಕಡೆ ಹೊಗೆ. ಅಪ್ಪ ಊಟ ಮಾಡುವಾಗ ತಲೆ ತಗ್ಗಿಸಿರುತ್ತಿದ್ದ. ಒಂದು ದಿನ ತಟ್ಟೆ ಹಿಡಿದುಕೊಂಡು ಹಿತ್ತಲ ಬಾಗಿಲವರೆಗೆ ಬಂದವನು, ಅಮ್ಮ ತಲೆ ಎತ್ತದ್ದನ್ನು ಕಂಡು ಹಿಂದಕ್ಕೆ ಹೋದ. ಜಗಳ ಎಂಬುದು ಕೂಗಾಟವಾಗಿಯೇ ಇರಬೇಕಿಲ್ಲ ಎಂದು ನಾನು ಕಲಿತದ್ದು ಆ ವಾರ. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದರು. ಕಸ, ಹುಲ್ಲು, ನೀರು ಯಾವುದೂ ತಪ್ಪಲಿಲ್ಲ. ಮಾತು ಮಾತ್ರ ತಪ್ಪಿತ್ತು.

ಮುನಿಯಮ್ಮನ ಅಟ್ಟದಲ್ಲಿ ಆ ಮಳೆಗಾಲ ರಾಗಿ ಒಣಗಿಯೇ ಇತ್ತು. ಮುಂದಿನ ಸುಗ್ಗಿಯಲ್ಲಿ ನಮ್ಮ ಕಣಕ್ಕೆ ಕರೆಯಲು ಹೋದಾಗ ಅವಳು ಮೊದಲು ಕೂಲಿ ಎಷ್ಟು ಎಂದು ಕೇಳಿದಳು. ಕೇಳಿ, ಸಾಲದು ಅಂದಳು. ಆ ಕೇರಿಯ ಬೇರೆ ಮನೆಗಳವರೂ ಒಬ್ಬೊಬ್ಬರಾಗಿ ನಮ್ಮ ಜಗಲಿಯ ಮುಂದೆ ನಿಂತು ತಮ್ಮ ಸೋಮವಾರ ಕೇಳತೊಡಗಿದರು. ಅದೆಲ್ಲ ಆಮೇಲಿನ ಮಾತು. ನನ್ನ ಮನಸ್ಸಿನಲ್ಲಿ ನಿಂತಿರುವುದು ಆ ಮಾಡು ಹಾಕಿದ ಮರುವಾರದ ಸೋಮವಾರ.

ಅಂದು ನಮ್ಮದೇ ಮನೆಯ ಸರದಿ. ಆ ಮಳೆಗಾಳಿಗೆ ಕೊಟ್ಟಿಗೆಯ ಬದಿಯ ಮಾಡು ಹಾರಿ, ಗೋಡೆ ಒಂದಿಷ್ಟು ಕುಸಿದಿತ್ತು. ಬರುತ್ತಾರೋ ಇಲ್ಲವೋ ಎಂದು ಅಪ್ಪ ಬೆಳಿಗ್ಗೆಯಿಂದ ದಾರಿ ನೋಡಿದ. ಎಲ್ಲರೂ ಬಂದರು, ಉಂಡವರೂ, ಉಣ್ಣದವರೂ. ಮುನಿಯಮ್ಮನೂ ಬಂದಳು, ಎಂದಿನಂತೆ ಮಣ್ಣು ಹೊತ್ತಳು. ಅಡುಗೆಯನ್ನು ಅಜ್ಜಿ ಒಬ್ಬಳೇ ಮಾಡಿದಳು. ಅಷ್ಟು ಜನಕ್ಕೆ ಮುದ್ದೆ ತೊಳಸಿ ಅವಳ ತೋಳು ನಡುಗುತ್ತಿತ್ತು, ಆದರೂ ಅಮ್ಮನನ್ನು ಕರೆಯಲಿಲ್ಲ. ಅಮ್ಮ ಹಿತ್ತಲಲ್ಲಿ ಒಪ್ಪತ್ತಿನಲ್ಲಿದ್ದಳು.

ಊಟದ ಹೊತ್ತಾಯಿತು. ಗಂಡಸರು ಜಗಲಿಯ ಮೇಲೆ, ಅದೇ ಸಾಲಿನ ತುದಿಯಲ್ಲಿ ಮಣ್ಣು ಹೊತ್ತ ಊರಿನ ಹೆಂಗಸರು. ಅಪ್ಪ ಎಲೆ ಹಾಕುತ್ತ ಬಂದ. ಮುನಿಯಮ್ಮ ಅಂಗಳದಲ್ಲಿ ನಿಂತಿದ್ದಳು. ತಿಪ್ಪೆಯ ಪಕ್ಕ ಅಲ್ಲ, ಜಗಲಿಯ ಮೆಟ್ಟಿಲಿನ ಮುಂದೆ. ಕೈಯಲ್ಲಿ ಮಡಕೆ ಇರಲಿಲ್ಲ. ಎರಡು ಕೈಯೂ ಖಾಲಿ. ಅಪ್ಪ ಸಾಲಿನ ಕೊನೆಯ ಎ‌ಲೆ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಅವಳನ್ನು ನೋಡಿ, ಅಲ್ಲೇ ನಿಂತುಬಿಟ್ಟ. ನಾನು ಕಂಬ ಹಿಡಿದು ನಿಂತೆ. ಹಿತ್ತಲ ಬಾಗಿಲಿನಲ್ಲಿ ಅಮ್ಮ ಬಂದು ನಿಂತದ್ದು ಕಾಣಿಸಿತು.

ಅಜ್ಜಿ ಮುದ್ದೆಯ ಬುಟ್ಟಿ ಹೊತ್ತು ಹೊಸ್ತಿಲಿಗೆ ಬಂದಳು. ಬಡಿಸುವ ಮುಂಚೆ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡುವುದು ಅವಳ ರೂಢಿ. ಅಂದೂ ನೋಡಿದಳು. ಆಮೇಲೆ ಅಂಗಳದಲ್ಲಿ ನಿಂತವಳನ್ನು ನೋಡಿದಳು. ಅವಳ ದವಡೆ ಅಲ್ಲಾಡಿತು, ಬಾಯಲ್ಲಿ ಎಲೆಯಡಿಕೆ ಇರಲಿಲ್ಲ.

“ಒಂದೆಲೆ ಕಮ್ಮಿ ಬಿದ್ದೈತೆ,” ಅಂದಳು.

ಅಪ್ಪ ತನ್ನ ಖಾಲಿ ಕೈ ನೋಡಿಕೊಂಡ.

“ಕೆಲ್ಸ ಮಾಡ್ದೋರ್ಗೆ ಎಲೆ ಆಕ್ದೆ ಈ ಮನೇಲಿ ಯಾವತ್ತಾದ್ರೂ ಬಡ್ಸಿದ್ದೀವಾ? ಲೇ ಜಯಾ, ಏನ್ ನೋಡ್ತಾ ನಿಂತಿದೀಯ? ಎಲೆ ತಗಂಡ್ ಬಾ.”

ನಾನು ಒಳಗೆ ಓಡಿ ಎಲೆ ತಂದೆ. ಮುನಿಯಮ್ಮ ಇನ್ನೂ ಮೆಟ್ಟಿಲಿನ ಕೆಳಗೇ ಇದ್ದಳು. ಎಲೆ ಹಿಡಿದು ನಾನು ತಬ್ಬಿಬ್ಬಾದೆ.

“ಎಲ್ಲಿ ಆಕ್ಲಿ ಅಜ್ಜಿ?”

“ಸಾಲಲ್ಲಿ. ಇನ್ನೆಲ್ಲಿ ಆಕ್ತೀಯ?”

ಊಟ ಮುಗಿದು ಎಲ್ಲರೂ ಎದ್ದ ಮೇಲೆ ಅಜ್ಜಿ ತಾನೇ ಸಗಣಿ ಕದಡಿ ತಂದು ಜಗಲಿಯನ್ನು ಈ ತುದಿಯಿಂದ ಆ ತುದಿಯವರೆಗೆ ಸಾರಿಸಿದಳು. ಅಮ್ಮನ ಕೈಯ ಊಟವನ್ನು ಅವಳು ತಾನು ಬದುಕಿರುವವರೆಗೂ ಮುಟ್ಟಲಿಲ್ಲ. ಆದರೆ ಅಂದಿನಿಂದ ಪ್ರತಿ ಸೋಮವಾರ, ಯಾರ ಮನೆಯ ಸಾಲಾದರೂ ಸರಿ, ಬಡಿಸುವ ಮುಂಚೆ ಅವಳು ಹೇಳಿ ಕಳಿಸುತ್ತಿದ್ದಳು, ಎಲೆ ಸರಿಯಾಗಿ ಬಿದ್ದಿವೆಯೇ ನೋಡಿಕೊಂಡು ಬಾ ಎಂದು. ನೋಡಿಕೊಂಡು ಬರುವ ಕೆಲಸ ನನ್ನದಾಗಿತ್ತು.